ದೃಷ್ಟಿಬೊಟ್ಟಿನ ಗಾಳ

ದೆವ್ವ, ದೃಷ್ಟಿ, ಆಣೆ, ಶಕುನ, ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಯಾರಾದರೂ ಇಂಥ ಅನುಭವ ಹೇಳತೊಡಗಿದರೆ 'ಆಮೇಲೇನಾಯಿತು?' ಎಂದು ಕೇಳುವ ಬದಲು 'ಹಿಂದಿನ ರಾತ್ರಿ ನಿದ್ದೆ ಸರಿಯಾಗಿ ಆಗಿತ್ತಾ?' ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುವ ಜಾತಿ ನನ್ನದು. ಉದ್ಯೋಗವೂ ಅದಕ್ಕೆ ತಕ್ಕಂತಿದೆ. ವಿಮಾನದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದೇನೆ. ಸರಿಯಾಗಿದೆ ಎಂದು ಎಲ್ಲರೂ ಒಪ್ಪಿದ ತುಂಡಿನಲ್ಲಿ ಬಿರುಕು ಹುಡುಕುವುದಕ್ಕೇ ನನಗೆ ಸಂಬಳ. ಮನೆಯಲ್ಲೂ ಚಾಳಿ ಬಿಟ್ಟಿಲ್ಲ, ಹಾಲಿನ ಡಬ್ಬಿಯ ಮೇಲಿನ ತಾರೀಖನ್ನು ಎರಡೆರಡು ಸಲ ನೋಡುತ್ತೇನೆ ಎಂದು ಹೆಂಡತಿ ನಗುತ್ತಾಳೆ. ಆದ್ದರಿಂದ ನೀವೂ ಇದನ್ನು ಅನುಮಾನದಿಂದಲೇ ಓದಿದರೆ ನನಗೆ ಬೇಸರವಿಲ್ಲ.

ಇದು ನಡೆದದ್ದು ಎರಡು ವರ್ಷದ ಹಿಂದೆ, ನಾವಿರುವ ಈ ಪರದೇಶದಲ್ಲಿ, ಮುಕಿಲ್ಟಿಯೊ ಎಂಬ ಕಡಲ ದಡದಲ್ಲಿ. ಆದರೆ ಅದರ ಬೇರು ಅದಕ್ಕೂ ಆರು ವರ್ಷ ಹಿಂದಿದೆ. ಅಲ್ಲಿಂದಲೇ ಹೇಳಬೇಕು.

ಆಗ ನಾವು ಹತ್ತಿರದ ಬಾಥೆಲ್ ಊರಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಕೆಳಗಿನ ಮನೆಯಲ್ಲಿ ವಸಂತ ಮತ್ತು ಅವನ ಹೆಂಡತಿ ಶಾಂತಲಾ. ವಸಂತ ಅಂಕೋಲೆ ಕಡೆಯವನು, ಕಡಲು ನೋಡುತ್ತ ಬೆಳೆದವನು. ನಾನು ಹುಬ್ಬಳ್ಳಿಯವನು. ಮೀನು ನೋಡಿದ್ದು ಶಾಲೆಯ ವಿಜ್ಞಾನದ ಪುಸ್ತಕದಲ್ಲಿ, ತಿಂದದ್ದಂತೂ ಇಲ್ಲವೇ ಇಲ್ಲ. ಆದರೂ ಅವನ ಜೊತೆ ಒಂದು ಸಲ ಈ ಮುಕಿಲ್ಟಿಯೊ ದಡಕ್ಕೆ ಹೋದವನು ಆ ಹುಚ್ಚಿಗೆ ಬಿದ್ದೆ. ಶರತ್ಕಾಲದಲ್ಲಿ ಕೋಹೊ ಸಾಲ್ಮನ್ ಮೀನುಗಳು ನದಿಯ ದಾರಿ ಹಿಡಿದು ದಡದ ತೀರ ಹತ್ತಿರಕ್ಕೆ ಬರುತ್ತವೆ. ದೋಣಿ ಬೇಕಿಲ್ಲ, ದೊಡ್ಡ ಸಲಕರಣೆ ಬೇಕಿಲ್ಲ. ಹಗುರವಾದ ಒಂದು ರಾಡು, ತೆಳುವಾದ ದಾರ, ಅದರ ತುದಿಗೆ ಮೀನನ್ನು ಏಮಾರಿಸುವ ಬೆರಳುದ್ದದ ಗುಲಾಬಿ ಲೋಹದ ತುಂಡು, ಅಂದರೆ ಲ್ಯೂರ್, ಅದಕ್ಕೊಂದು ಗಾಳ. ಮೊಣಕಾಲುದ್ದದ ನೀರಿನಲ್ಲಿ ನಿಂತು ಬೀಸಿದರಾಯಿತು. ಏಳೆಂಟು ಪೌಂಡಿನ ಮೀನು ಆ ತೆಳು ದಾರವನ್ನು ಜಗ್ಗಿದಾಗ ಆಗುವ ಪುಳಕ ಬಲ್ಲವನೇ ಬಲ್ಲ. ನನ್ನ ಮನೆಯಲ್ಲಿ ಹೆಂಡತಿಯ ಕಾನೂನು ಒಂದೇ ಇತ್ತು. "ಏನರೆ ಮಾಡ್ಕೋರಿ, ಮೀನು ಮಾತ್ರ ನನ್ನ ಅಡಿಗಿಮನಿಗೆ ತರಬ್ಯಾಡ್ರಿ." ಹಾಗಾಗಿ ಹಿಡಿಯುವ ಖುಷಿ ನನ್ನದು, ನನ್ನ ಮೀನೆಲ್ಲ ಶಾಂತಲಾಳ ಪಾತ್ರೆಗೆ.

ವಸಂತನ ಒಂದು ಪದ್ಧತಿ ನೋಡಿ ನಾನು ತುಂಬಾ ತಮಾಷೆ ಮಾಡುತ್ತಿದ್ದೆ. ಹೊಸ ಲ್ಯೂರ್ ತಂದ ದಿನವೇ ಅದರ ಕೆನ್ನೆಗೆ ಹೆಂಡತಿಯ ಕಪ್ಪು ನೇಲ್ ಪಾಲಿಶಿನಿಂದ ಒಂದು ದೃಷ್ಟಿಬೊಟ್ಟು ಇಡುತ್ತಿದ್ದ. ಅಕ್ಕಪಕ್ಕದಲ್ಲಿ ನಿಂತವರ ಕಣ್ಣು ಬೀಳಬಾರದಂತೆ. "ಮೀನಿನ ದೃಷ್ಟಿ ಬೀಳಬೇಕಲ್ಲೋ, ಅದಕ್ಕೂ ಅಡ್ಡಿ ಆಗತದ" ಎಂದು ನಾನು ರೇಗಿಸುತ್ತಿದ್ದೆ.

ಆ ವರ್ಷ ಶಾಂತಲಾಗೆ ಏಳು ತಿಂಗಳು. ಅಂಗಡಿಯ ಮೀನು ಸೇರುತ್ತಿರಲಿಲ್ಲ, ಗಂಡ ಹಿಡಿದು ತಂದ ಮೀನಿನ ಸಾರೇ ಬೇಕೆಂಬ ಬಯಕೆ. ಒಂದು ಸಂಜೆ ವಸಂತನ ಗಾಳಕ್ಕೆ ನಾವು ಅಲ್ಲಿಯವರೆಗೆ ನೋಡಿರದಷ್ಟು ದೊಡ್ಡ ಕೋಹೊ ಬಿತ್ತು. ಇಪ್ಪತ್ತು ನಿಮಿಷ ಆಡಿಸಿ ದಡಕ್ಕೆ ತಂದ. ಬಲೆ ಹಿಡಿದು ನೀರಿಗಿಳಿದವನು ನಾನು. ಬಗ್ಗಿ ನೋಡಿದರೆ ಬೆನ್ನ ಮೇಲೆ, ಬಾಲದ ಹತ್ತಿರ ಇರುವ ಪುಟ್ಟ ರೆಕ್ಕೆ ಹಾಗೇ ಇತ್ತು. ಮರಿಯಿಂದ ಸಾಕಿ ನೀರಿಗೆ ಬಿಟ್ಟ ಮೀನಿಗೆ ಆ ರೆಕ್ಕೆ ಕತ್ತರಿಸಿರುತ್ತಾರೆ, ಅದನ್ನು ಒಯ್ಯಬಹುದು. ರೆಕ್ಕೆ ಇದ್ದರೆ ಅದು ಕಾಡುಮೀನು, ಬಿಡಲೇಬೇಕು. ಇಲ್ಲದಿದ್ದರೆ ದಂಡ.

"ಯಾರು ನೋಡ್ತಾರೋ ಮಾರಾಯಾ? ಅವಳು ಬಯಕೆ ಮಾಡ್ಕಂಡು ಕೂತಿದಾಳೆ, ಎತ್ತು" ಎಂದ ವಸಂತ.

ನನ್ನ ಗ್ರೀನ್ ಕಾರ್ಡಿನ ಅರ್ಜಿ ಆಗಷ್ಟೇ ಹೋಗಿತ್ತು. ಯಾವತ್ತಾದರೂ ಕಾನೂನು ಮೀರಿ ಸಿಕ್ಕಿಬಿದ್ದಿದ್ದೀರಾ ಎಂಬ ಪ್ರಶ್ನೆಗೆ ಇಲ್ಲ ಎಂದು ಬರೆದು ಸಹಿ ಹಾಕಿದ್ದೆ. ಒಂದು ಮೀನಿನ ಹಿಂದೆ ಇಡೀ ಸಂಸಾರ ವಾಪಸು ವಿಮಾನ ಹತ್ತುವುದು ನನ್ನ ಕಣ್ಣ ಮುಂದೆ ಬಂತು. ಹೀಗೆಲ್ಲ ಆಗುವುದಿಲ್ಲ ಎಂದು ಈಗ ಗೊತ್ತು. ಆಗ ವೀಸಾದ ಮೇಲಿದ್ದ ನಮಗೆ ಪಾರ್ಕಿಂಗ್ ದಂಡದ ಚೀಟಿ ಕಂಡರೂ ಎದೆ ಧಸಕ್ಕೆನ್ನುತ್ತಿತ್ತು. ದಾರ ಕತ್ತರಿಸಲೆಂದು ಕೊರಳಿಗೆ ನೇತುಹಾಕಿಕೊಂಡಿದ್ದ ನೇಲ್ ಕಟರನ್ನು ಬಲೆಯ ಮರೆಯಲ್ಲಿ ಹಿಡಿದು, ಲ್ಯೂರಿನಿಂದ ಒಂದು ಗೇಣು ಮೇಲೆ ದಾರ ಕತ್ತರಿಸಿಬಿಟ್ಟೆ. ಮೀನು ಲ್ಯೂರ್ ಸಮೇತ ಹೋಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ತೇಲುತ್ತಿದ್ದ ದಾರದ ತುದಿಯನ್ನು ಎತ್ತಿ, ಪರೀಕ್ಷಿಸುವವನಂತೆ ಬಾಯಿಗಿಟ್ಟು, ಕತ್ತರಿಸಿದ ಗುರುತು ಹೋಗುವಂತೆ ಕಚ್ಚಿ ಉಗುಳಿದೆ. ಸಾಕ್ಷಿ ಹೇಗೆ ಅಳಿಸಬೇಕೆಂದು ತಪಾಸಣೆಯವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಯಾಕೆ ಕಚ್ಚಿದೆ?" ಎಂದ ವಸಂತ. ಉಳಿದ ದಾರ ಸುತ್ತಿಕೊಳ್ಳುತ್ತ ಕೇಳಿದ, "ನೀ ಕತ್ತರಿಸಿದ್ಯಾ?"

"ಇಲ್ಲೋ, ಕಲ್ಲಿಗೆ ತಾಗಿ ಹರೀತು. ನನ್ನ ಮಗಳ ಮ್ಯಾಲ ಆಣಿ" ಎಂದೆ. ಮಗಳಿಗೆ ಆಗ ಹತ್ತು ವರ್ಷ. ಆಣೆಯಲ್ಲಿ ನಂಬಿಕೆ ಇಲ್ಲದವನಿಗೆ ಆಣೆ ಹಾಕುವುದು ಎಷ್ಟು ಸುಲಭ ನೋಡಿ.

ಅವನು ರಾಡು ಎತ್ತಿಕೊಂಡು ಕಾರಿನ ಕಡೆ ನಡೆದ. ಆಮೇಲೆ ಮನೆಗೆ ಬರುವುದು ಕಡಿಮೆಯಾಯಿತು, ಕೊನೆಗೆ ನಿಂತೇಹೋಯಿತು. ಡುವಾಲ್‌ನಲ್ಲಿ ಮನೆ ಕೊಂಡು ಹೋದರು. ಗೃಹಪ್ರವೇಶ ಆದದ್ದು ನಮಗೆ ಬೇರೆಯವರಿಂದ ತಿಳಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಮಗಳಿಗೆ ಒಂದು ಜ್ವರ ಬಂದರೂ ನನಗೆ ಆ ಸಂಜೆ ನೆನಪಾಗುತ್ತಿತ್ತು. ನಂಬಿಕೆ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡು ಥರ್ಮಾಮೀಟರ್ ನೋಡುತ್ತಿದ್ದೆ.

ಈಗ ಎರಡು ವರ್ಷದ ಹಿಂದಿನ ಆ ಶನಿವಾರ. ನಾನು ಆರು ವರ್ಷ ಮುಕಿಲ್ಟಿಯೊ ದಡದ ಕಡೆ ತಲೆಹಾಕಿರಲಿಲ್ಲ. ಅವತ್ತು ಹೋದದ್ದು ಬೇರೆ ದಡದಲ್ಲಿ ಪಾರ್ಕಿಂಗ್ ಸಿಗಲಿಲ್ಲವೆಂದು. ನಾನು ಅಲ್ಲಿಗೆ ಹೋಗುತ್ತೇನೆಂದು ಹೆಂಡತಿಗೂ ಗೊತ್ತಿರಲಿಲ್ಲ. ಈ ಮಾತು ನೆನಪಿಡಿ.

ಬೆಳಗಿನ ಏಳು ಗಂಟೆ, ಮಂಜು. ಜನರನ್ನು ದಾಟಿಸುವ ಫೆರಿ ಹಡಗಿನ ಸದ್ದು ಕೇಳುತ್ತಿತ್ತು, ಫೆರಿ ಕಾಣುತ್ತಿರಲಿಲ್ಲ. ದಡದಲ್ಲಿ ಹಸಿರು ಜಾಕೆಟಿನ ಮುದುಕನೊಬ್ಬನನ್ನು ಬಿಟ್ಟರೆ ಯಾರೂ ಇರಲಿಲ್ಲ. ಹತ್ತನೆಯದೋ ಹನ್ನೊಂದನೆಯದೋ ಬೀಸಿಗೆ ದಾರ ಭಾರವಾಯಿತು. ಕೋಹೊ ಎಂದರೆ ನೆಗೆಯಬೇಕು, ತಲೆ ಒದರಬೇಕು, ದಾರ ಸುತ್ತಿದ ರೀಲು ಕಿರುಚಬೇಕು. ಇದು ಸುಮ್ಮನೆ ಬಂತು. ನಾನು ಸುತ್ತಿದಷ್ಟೂ ಹಿಂದೆಯೇ ನಡೆದು ಬರುವ ಸಾಕುನಾಯಿಯ ಹಾಗೆ ಬಂದು ನನ್ನ ಬೂಟಿನ ಪಕ್ಕ ನಿಂತಿತು. ದೊಡ್ಡ ಮೀನು. ಬೆನ್ನ ಮೇಲೆ ಪುಟ್ಟ ರೆಕ್ಕೆ ಇತ್ತು.

ನನ್ನ ಗಾಳ ಅದರ ಬಾಯಲ್ಲಿರಲಿಲ್ಲ. ಬಾಯಲ್ಲಿ ಬೇರೊಂದು ಲ್ಯೂರ್ ಇತ್ತು, ನನ್ನ ಗಾಳ ಅದರ ಉಂಗುರಕ್ಕೆ ಸಿಕ್ಕಿಕೊಂಡಿತ್ತು. ಇಂಥದ್ದು ಅಪರೂಪಕ್ಕೆ ಆಗುತ್ತದೆ. ಯಾರದೋ ದಾರ ಹರಿದಿರುತ್ತದೆ. ಬಿಡಿಸೋಣವೆಂದು ಬಗ್ಗಿದೆ. ಗುಲಾಬಿ ಲ್ಯೂರು, ಕೆನ್ನೆಯ ಮೇಲೆ ಕಪ್ಪು ಬೊಟ್ಟು.

ಕೈಯಿಟ್ಟ ತಕ್ಷಣ ಆ ಲ್ಯೂರು ಮೀನಿನ ಬಾಯಿಂದ ತಾನೇ ಕಳಚಿ ನನ್ನ ಅಂಗೈಗೆ ಬಂತು. ಮೀನು ಇನ್ನೂ ಒಂದು ಕ್ಷಣ ಅಲ್ಲೇ ಇದ್ದು ಹೊರಟುಹೋಯಿತು. ಲ್ಯೂರಿನಿಂದ ಒಂದು ಗೇಣು ದಾರ ನೇತಾಡುತ್ತಿತ್ತು.

ನಾನು ಮೊದಲು ಮಾಡಿದ್ದು ಮಗಳಿಗೆ ಫೋನು. ಲೈಸೆನ್ಸ್ ಸಿಕ್ಕು ಅವಳು ಒಬ್ಬಳೇ ಕಾರು ಓಡಿಸುತ್ತಿದ್ದ ಮೊದಲ ವಾರ ಅದು, ಈಜಿನ ಅಭ್ಯಾಸಕ್ಕೆ ಹೋಗಿದ್ದಳು. ನಾಲ್ಕು ಸಲ ರಿಂಗಾದ ಮೇಲೆ ಎತ್ತಿದಳು. "ಅಪ್ಪಾ, ಐಯಾಮ್ ಫೈನ್. ವೈ?" ಎಂದಳು. ಏನಿಲ್ಲವ್ವ ಎಂದು ಇಟ್ಟೆ.

ಆಮೇಲೆ ನನ್ನ ಎಂದಿನ ಬುದ್ಧಿ ಕೆಲಸ ಶುರುಮಾಡಿತು. ಇದು ವಸಂತನದೇ ಆಟ. ಅಂಥದೇ ಲ್ಯೂರಿಗೆ ಬೊಟ್ಟಿಟ್ಟು ಯಾರ ಕೈಯಲ್ಲೋ ನೀರಿಗೆ ಬಿಡಿಸಿದ್ದಾನೆ. ಪಾರ್ಕಿಂಗ್ ಜಾಗದಲ್ಲಿ ಅವನ ಕಾರು ಹುಡುಕಿದೆ. ಹಸಿರು ಜಾಕೆಟಿನ ಮುದುಕನನ್ನು ಇಲ್ಲಿಗೆ ಇಂಡಿಯಾದವರು ಯಾರಾದರೂ ಬರುತ್ತಾರಾ ಎಂದು ಕೇಳಿದೆ. ಬಹಳ ವರ್ಷದ ಹಿಂದೆ ಇಬ್ಬರು ಬರುತ್ತಿದ್ದರು ಎಂದು ನನ್ನನ್ನೇ ದಿಟ್ಟಿಸಿ ನೋಡಿದ. ಅವನ ಮೇಲೂ ಅನುಮಾನ ಬಂತು.

ಕಾರಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಕೋಹೊ ಬದುಕುವುದೇ ಸಾಮಾನ್ಯವಾಗಿ ಮೂರು ವರ್ಷ. ಆರು ವರ್ಷದ ಹಿಂದೆ ಹೋದ ಲ್ಯೂರ್ ಇಂದಿನ ಮೀನಿನ ಬಾಯಲ್ಲಿ ಇರಲಾರದು. ಇಲ್ಲಿ ಸಾಲ್ಮನ್ ಹಿಡಿಯುವ ಗಾಳಕ್ಕೆ ಹಿಂದಕ್ಕೆ ಬಾಗಿದ ಮುಳ್ಳು ಇರಕೂಡದೆಂಬ ನಿಯಮವಿದೆ, ಅಂಥ ಗಾಳ ಬಾಯಲ್ಲಿ ಒಂದು ದಿನ ನಿಂತರೆ ಹೆಚ್ಚು. ಉಪ್ಪುನೀರಿಗೆ ಗಾಳ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ಇದು ಅಂಗಡಿಯಿಂದ ತಂದ ಹಾಗೆ ಹೊಳೆಯುತ್ತಿತ್ತು. ಹಾಗಾದರೆ ಹೊಸದೇ, ವಸಂತನದೇ ಕಿತಾಪತಿ ಎಂದು ತೀರ್ಮಾನಿಸಿದೆ. ನಾನು ಆ ದಡಕ್ಕೆ ಹೋಗುವುದು ಯಾರಿಗೂ ಗೊತ್ತಿರಲಿಲ್ಲ ಎಂಬ ಮಾತನ್ನು ಆ ಸಿಟ್ಟಿನಲ್ಲಿ ಮರೆತೆ. ಲ್ಯೂರನ್ನು ಖಾಲಿ ಟಿಫಿನ್ ಡಬ್ಬಿಯಲ್ಲಿ ಹಾಕಿಕೊಂಡು ನೇರ ಡುವಾಲ್‌ನ ಅವನ ಮನೆಗೆ ಕಾರು ಹೊಡೆದೆ.

ಬಾಗಿಲು ತೆರೆದದ್ದು ಶಾಂತಲಾ. ಆರು ವರ್ಷದ ನಂತರ ಬಂದವನನ್ನು ಏನು ಎತ್ತ ಎಂದು ಕೇಳದೆ "ಬನ್ನಿ ಅಣ್ಣಾ, ಚಾ ಮಾಡ್ತೇನೆ" ಎಂದಳು. ಅವತ್ತು ಅವಳ ಹೊಟ್ಟೆಯಲ್ಲಿದ್ದ ಮಗು ಒಳಕೋಣೆಯಲ್ಲಿ ಆಡುವ ಸದ್ದು ಕೇಳುತ್ತಿತ್ತು. ವಸಂತ ಊಟದ ಮೇಜಿನ ಬಳಿ ಕುಳಿತಿದ್ದ. ನಾನು ನಿಂತೇ ಡಬ್ಬಿ ಬಿಚ್ಚಿ ಅವನ ಮುಂದಿಟ್ಟೆ.

"ಯಾರ ಕೈಯಾಗ ಕಳಿಸಿದ್ದೀ ಇದನ್ನ?"

ಅವನು ಲ್ಯೂರನ್ನು ಎತ್ತಿಕೊಂಡ. ಬೊಟ್ಟನ್ನು ಹೆಬ್ಬೆರಳಿನಿಂದ ಸವರಿದ. ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದ್ದು ಲ್ಯೂರನ್ನಲ್ಲ, ದಾರದ ತುದಿಯನ್ನು. ನಾನೂ ಆಗಲೇ ನೋಡಿದೆ. ದಡದಲ್ಲಿ ಗಾಳ ನೋಡಿದ್ದೆ, ಬಣ್ಣ ನೋಡಿದ್ದೆ, ತುದಿಯನ್ನು ಮಾತ್ರ ನೋಡಿರಲಿಲ್ಲ. ಕಲ್ಲಿಗೆ ಹರಿದ ದಾರ ಎಳೆಎಳೆಯಾಗಿರುತ್ತದೆ. ಇದು ನೀಟಾಗಿ ತುಂಡಾಗಿತ್ತು.

"ನೇಲ್ ಕಟರ್" ಎಂದ ವಸಂತ.

ನನ್ನ ಕೈಯಾರೆ ನಾನೇ ಸಾಕ್ಷಿ ತಂದುಕೊಟ್ಟಿದ್ದೆ. ಕುರ್ಚಿ ಎಳೆದು ಕುಳಿತುಬಿಟ್ಟೆ. "ಹೌದೋ, ನಾನೇ ಕತ್ತರಿಸಿದ್ದು" ಎಂದೆ. ಹೇಳುವಾಗ ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ.

"ಮೀನು ಹೋದ್ರೆ ಹೋಯ್ತು ಮಾರಾಯಾ. ನಂಗೆ ಅವತ್ತೇ ಗೊತ್ತಾಗಿತ್ತು. ಆದ್ರೆ ಕೂಸಿನ ಮೇಲೆ ಯಾಕೆ ಆಣೆ ಹಾಕ್ದೆ? ಮತ್ತೆ ಸಿಕ್ಕಿದ್ರೆ ಮತ್ತೆ ಕೇಳ್ತಿದ್ದೆ, ನೀ ಮತ್ತೆ ಆಣೆ ಹಾಕ್ತಿದ್ದೆ. ಅದ್ಕೇ ಸಿಗೋದೇ ಬ್ಯಾಡ ಅಂತ ಬಿಟ್ಟೆ."

ಶಾಂತಲಾ ದೇವರ ಗೂಡಿನಿಂದ ಏನನ್ನೋ ತಂದು ನನ್ನ ಮುಂದಿಟ್ಟಳು. ಅರಿಶಿನದಲ್ಲಿ ಅದ್ದಿದ ಬಟ್ಟೆಯ ಗಂಟು, ಬಣ್ಣ ಮಾಸಿತ್ತು. ಒಳಗೆ ಇಲ್ಲಿಯದೇ ಒಂದು ಕ್ವಾರ್ಟರ್, ಅಂದರೆ ಕಾಲು ಡಾಲರಿನ ನಾಣ್ಯ. "ತಪ್ಪುಕಾಣಿಕೆ ಅಣ್ಣಾ. ಅವತ್ತು ರಾತ್ರಿನೇ ನಿಮ್ಮ ಮಗಳ ಹೆಸರಲ್ಲಿ ಕಟ್ಟಿಟ್ಟಿದ್ದೆ. ಅವಳಿಗೆ ಏನೂ ತಾಗ್ಬಾರ್ದು ಅಂತ. ಊರಿಗೆ ಹೋದಾಗ ದೇವ್ರಿಗೆ ಹಾಕುವಾ ಅಂದ್ರೆ, ತಪ್ಪು ಮಾಡಿದವ್ರು ಒಪ್ಪಿಕೊಳ್ಳದೆ ಸಲ್ಲೋದಿಲ್ವಲ್ಲ. ಹಾಗೇ ಇತ್ತು."

ನಾನು ಬಯಕೆಯ ಮೀನು ತಪ್ಪಿಸಿದ ರಾತ್ರಿ, ಏಳು ತಿಂಗಳ ಬಸುರಿ ನನ್ನ ಮಗಳಿಗಾಗಿ ಆ ಗಂಟು ಕಟ್ಟಿದ್ದಳು. ಆರು ವರ್ಷ ನಾನು ಆ ಮನೆಯವರನ್ನು ಹಗೆಗಳೆಂದುಕೊಂಡಿದ್ದೆ. ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೇ ವಾಪಸು ಕೊಟ್ಟೆ. ಮುಂದಿನ ಡಿಸೆಂಬರಿನಲ್ಲಿ ಅವರು ಊರಿಗೆ ಹೋದಾಗ ಅದು ಸಲ್ಲಿತು.

ಆದರೆ ಲ್ಯೂರಿನ ವಿಷಯ ಬಗೆಹರಿಯಲಿಲ್ಲ. ಅದು ಈಗಲೂ ನನ್ನ ಗ್ಯಾರೇಜಿನಲ್ಲಿ ಒಂದು ಮೊಳೆಗೆ ನೇತಾಡುತ್ತಿದೆ. ನೀರು ಸೋಕದ ಆ ಗ್ಯಾರೇಜಿನಲ್ಲಿ ಎರಡೇ ವರ್ಷಕ್ಕೆ ಗಾಳ ಪೂರಾ ತುಕ್ಕು ಹಿಡಿದಿದೆ. ಕೆಲಸದಲ್ಲಿ ಇದರ ವರದಿ ಬರೆ ಎಂದರೆ ನಾನು ಏನೂ ಬರೆಯಲಾರೆ.

ಅವತ್ತು ಹೊರಡುವ ಮುಂಚೆ ವಸಂತನನ್ನು ಇನ್ನೊಮ್ಮೆ ಕೇಳಿದ್ದೆ. "ಖರೇನ ಹೇಳು, ಇದು ನಿನ್ನ ಕೆಲಸ ಅಲ್ಲ ಹೌದಲ್ಲೋ?"

"ನಾನೆಂತ ಮಾಡ್ಲಿ ಮಾರಾಯಾ? ನಿನ್ನ ಕೈಯಿಂದ ಹೋಯ್ತು, ನಿನ್ನ ಕೈಗೇ ಬಂತು" ಎಂದ. ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ, ಚಹಾದ ಲೋಟ ನೋಡುತ್ತಿದ್ದ. ಅದು ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಆಣೆ ಹಾಕು ಎನ್ನುತ್ತಿದ್ದೆ. ಅವನಿಗೆ ಹಾಗೆನ್ನಲು ನನಗೆ ಬಾಯಿ ಬರಲಿಲ್ಲ.