ಕೂಗಿ ಹೇಳುತ್ತಿದ್ದ ನೆರೆಯವರು

ಮೊನ್ನೆ ದೋಹಾದ ಐನ್ ಖಾಲಿದ್‌ನ ನಮ್ಮ ಬೀದಿಯ ಅಂಗಡಿಯಲ್ಲಿ ಫ್ರೀಜರ್‌ಗೆ ಕೈಹಾಕಿ ಬಟಾಣಿಯ ಪೊಟ್ಟಣ ತೆಗೆದೆ. ಬೆರಳು ಮರಗಟ್ಟಿತು. ಪಕ್ಕದ ಮನೆಯಲ್ಲಿದ್ದ ಅಮೆರಿಕದವರೊಬ್ಬರು ನೆನಪಾದರು.

ಅವರು ಇಲ್ಲಿನ ಒಂದು ಕ್ಲಬ್ಬಿನ ಫುಟ್‌ಬಾಲ್ ತಂಡದಲ್ಲಿ ಡಿಫೆಂಡರ್ ಆಗಿದ್ದರು. ತಮ್ಮ ದೇಶದಲ್ಲಿ ಊರೂರಿನ ತಂಡಗಳಿಗೆ ಆಡಿ, ಆಟದ ವಯಸ್ಸು ಮುಗಿಯುತ್ತ ಬಂದಾಗ ದೋಹಾಕ್ಕೆ ಬಂದಿದ್ದರು. ಅಂಗಡಿಯ ಬಟಾಣಿಯೆಲ್ಲ ಅವರಿಗೇ ಹೋಗುತ್ತಿತ್ತು.

"ಇವರಿಗೆ ದಿನಾ ಬಟಾಣಿ ಪಲಾವಾ ಮಾರಾಯ್ರೆ?" ಎಂದು ಪುತ್ತೂರು ಕಡೆಯ ಅಂಗಡಿಯವರು ನನ್ನನ್ನು ಕೇಳಿದ್ದರು.

ಒಂದು ಸಂಜೆ ನೆರೆಯವರು ಮೆಟ್ಟಿಲ ಮೇಲೆ ಕುಳಿತು ಆ ಪೊಟ್ಟಣವನ್ನು ಊದಿಕೊಂಡ ಮೊಣಕಾಲಿಗೆ ಕಟ್ಟಿಕೊಳ್ಳುತ್ತಿದ್ದುದನ್ನು ಕಂಡೆ. ಎಡಗಾಲೋ ಬಲಗಾಲೋ... ಈಗ ಖಚಿತವಿಲ್ಲ.

"ಕ್ಲಬ್ಬಿಗೆ ಗೊತ್ತಾಗಬಾರದು. ಇನ್ನೊಂದು ಸೀಸನ್ ಸಿಕ್ಕರೆ ಸಾಕು," ಎಂದರು.

ತಮ್ಮ ಕೆಲಸವನ್ನು ಅವರೇ ನನಗೆ ವಿವರಿಸಿದ್ದರು. ಗೋಲಿನ ಮುಂದೆ ಕಾಯುವ ಹಿಂದಿನ ನಾಲ್ವರು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಒಬ್ಬ ಕೂಗಿದೊಡನೆ ನಾಲ್ವರೂ ಒಟ್ಟಿಗೆ ಮುಂದೆ ಬಂದರೆ, ಬೆನ್ನ ಹಿಂದೆ ಉಳಿದ ಎದುರಾಳಿ ಆಫ್‌ಸೈಡ್, ಅವನು ಹೊಡೆದ ಗೋಲು ಲೆಕ್ಕಕ್ಕಿಲ್ಲ. ಒಬ್ಬ ತಡಮಾಡಿದರೂ ಕೆಟ್ಟಿತು. ಆ ತಂಡದಲ್ಲಿ ಕೂಗುವವರು ಅವರು.

ಸೀಸನ್ನಿನ ಕೊನೆಯ ಪಂದ್ಯಕ್ಕೆ ನನಗೂ ಅಂಗಡಿಯವರಿಗೂ ಟಿಕೆಟ್ ಕೊಟ್ಟಿದ್ದರು. ಆಟ ಮುಗಿಯುತ್ತ ಬಂದಿತ್ತು. ಅವರು "ಯಲ್ಲಾ" ಎಂದು, ಅರಬ್ಬಿಯಲ್ಲಿ ನಡೆಯಿರಿ ಎಂದು, ಕೂಗಿ ಮುಂದೆ ಬಂದರು. ಬಲಬದಿಯವನು ಮಾತ್ರ ನಿಂತಲ್ಲೇ ನಿಂತಿದ್ದ. ಎದುರಾಳಿ ಆಫ್‌ಸೈಡ್ ಆಗಲಿಲ್ಲ, ಗೋಲಾಯಿತು. ತಂಡ ಸೋತಿತು. ನೆರೆಯವರು ಕೈಯೆತ್ತಿ, ತಪ್ಪು ತಮ್ಮದೆಂಬಂತೆ ಎದೆ ತಟ್ಟಿಕೊಂಡರು.

"ಖಲಾಸ್. ಇವರ ಕಾಲು ಓಡ್ಲಿಲ್ಲ ನೋಡಿ, ಪಾಪ," ಎಂದರು ಅಂಗಡಿಯವರು. ಕ್ಲಬ್ಬಿನವರೂ ಹಾಗೇ ಅಂದುಕೊಂಡರು.

ಮರುದಿನ ಗೇಟಿನ ಬಳಿ ನೆರೆಯವರನ್ನು ಕೇಳಿದೆ: "ಹಿಂದೆ ಉಳಿದವನು ಆ ಬಲಬದಿಯವನಲ್ಲವೇ? ಹೇಳಬಾರದೇ?"

"ಕೂಗಿದವನೇ ಹೊಣೆ. ಆ ಗದ್ದಲದಲ್ಲಿ ಅವನಿಗೆ ಕೇಳಿಸಿತೇ ಎಂದು ನೋಡಬೇಕಾದವನು ನಾನು," ಎಂದರು. ಆಮೇಲೆ ನಕ್ಕರು. "ಅವನ ಹೆಸರು ಹೇಳಿದರೆ ಮುಂದಿನ ಸೀಸನ್ನಿನಲ್ಲಿ ನನ್ನ ಕೂಗಿಗೆ ಯಾರು ಬರುತ್ತಾರೆ?"

ಮುಂದಿನ ಸೀಸನ್ ಸಿಗಲಿಲ್ಲ. ಬೇರೆ ಕ್ಲಬ್ಬುಗಳೂ ಕರೆಯಲಿಲ್ಲ. ಬೇಸಿಗೆಯ ಬಿಸಿಲು ಏರುವ ಮೊದಲೇ ಮನೆ ಖಾಲಿ ಮಾಡಿದರು. ಒಂದೆರಡು ವರ್ಷ ಹಬ್ಬಕ್ಕೆ ಸಂದೇಶ ಬರುತ್ತಿತ್ತು, ಆಮೇಲೆ ಅದೂ...

ಅವರು ಎದೆ ತಟ್ಟಿಕೊಂಡದ್ದನ್ನು ನಾನು ನಿಜವಾಗಿ ನೋಡಿದೆನೇ? ಅಥವಾ ಮರುದಿನದ ಮಾತು ಕೇಳಿದ ಮೇಲೆ ನನ್ನ ಮನಸ್ಸು ಕಟ್ಟಿಕೊಂಡ ಚಿತ್ರವೇ? ಮೊನ್ನೆ ಅಂಗಡಿಯಿಂದ ಮನೆಗೆ ಬಂದು ಫೋನಿನಲ್ಲಿ ಆ ಪಂದ್ಯದ ವಿಡಿಯೊ ಹುಡುಕಿದೆ. ಸಿಕ್ಕಿತು. ಚೆಂಡು ಬಲೆಗೆ ಬಿದ್ದೊಡನೆ ಕ್ಯಾಮೆರಾ ಗೋಲು ಹೊಡೆದವನ ಹಿಂದೆ ಹೋಗುತ್ತದೆ. ನೆರೆಯವರು ಕಾಣುವುದೇ ಇಲ್ಲ. ವೀಕ್ಷಕ ವಿವರಣೆಯವನು ಮಾತ್ರ ಅವರ ಹೆಸರನ್ನು ಎರಡು ಸಲ ಹೇಳಿ, ಕಾಲು ಸೋತಿದೆ ಎನ್ನುತ್ತಾನೆ.

ಅವರು ಕೂಗಿದಾಗ ನಾಲ್ವರೂ ಒಟ್ಟಿಗೆ ಬಂದು, ಏನೂ ಆಗದೆ ಕಳೆದ ಸಂಜೆಗಳು ಎಷ್ಟೋ ಇದ್ದವು. ಏನೂ ಆಗದಂತೆ ನೋಡಿಕೊಳ್ಳುವುದೇ ಅವರ ಕೆಲಸವಾಗಿತ್ತು. ಆ ಸಂಜೆಗಳನ್ನು ಬಹಳ ಹೊತ್ತು ಹುಡುಕಿದೆ. ಅವುಗಳ ವಿಡಿಯೊ ಯಾರೂ ಹಾಕಿಲ್ಲ.