ಗೋಡೆಯೊಳಗಿನ ನೂರು ವ್ಯಾಟ್

ಅವರು ಗೋಡೆಯನ್ನಾಗಲಿ ಸ್ವಿಚ್ಚನ್ನಾಗಲಿ ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಬಲಗೈ ಮಗುಚಿ, ಬೆರಳುಗಳ ಹಿಂಬದಿಯಿಂದ, ಜ್ವರ ಬಂದ ಮಗುವಿನ ಹಣೆ ನೋಡುವವರಂತೆ ಮುಟ್ಟುತ್ತಿದ್ದರು. ಆ ಗೆಣ್ಣುಗಳ ಮೇಲಿನ ಚರ್ಮ ಸುಟ್ಟು ಸುಟ್ಟು ಹೊಳಪಾಗಿತ್ತು. "ಅಂಗೈಲೆ ಮುಟ್ಟಿದ್ರ ಕರೆಂಟ್ ಕೈ ಹಿಡಕೊಂತದ್ರಿ, ಬಿಡೂದಿಲ್ಲ. ಹಿಂಗ ಮುಟ್ಟಿದ್ರ ಝಾಡಿಸಿ ಒಗೀತದ," ಎಂದಿದ್ದರು. ಅಂದಿನಿಂದ ನಾನು ಫ್ರಿಜ್ಜಿನ ಬಾಗಿಲನ್ನೂ ಹಾಗೆಯೇ ಮುಟ್ಟುತ್ತೇನೆ. ತೆರೆಯಲು ಬರುವುದಿಲ್ಲ ಎಂಬುದು ಬೇರೆ ಮಾತು.

ಬೆಳಗಾವಿ ಪಕ್ಕದ ಪೀರನವಾಡಿಯ ಈ ವೈರಿಂಗ್ ಮಿಸ್ತ್ರಿಯನ್ನು ನಾನು ಚಾಚಾ ಎನ್ನುತ್ತಿದ್ದೆ. ಅವರ ಪರಿಚಯವಾದದ್ದು ನನ್ನ ಅಕ್ಕನ ಉಸಿರಿನ ದೆಸೆಯಿಂದ. ಅಕ್ಕ ಖಾನಾಪುರದಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಶ್ವಾಸಕೋಶ ಸೋತ ಮೇಲೆ ದಿನವಿಡೀ ಮೂಗಿಗೆ ನಳಿಗೆ, ಪಕ್ಕದಲ್ಲಿ ಆಕ್ಸಿಜನ್ ಕೊಡುವ ಯಂತ್ರ. ಅದು ದಿನಕ್ಕೆ ನಾಲ್ಕು ಸಲ ಚೀರಿಕೊಂಡು ನಿಲ್ಲತೊಡಗಿತು. ರಿಪೇರಿಗೆಂದು ಬೆಳಗಾವಿಗೆ ತಂದರೆ, ಅಲ್ಲಿ ಅತ್ತೆಮನೆಗೆ ಬಂದ ಅಳಿಯನ ಹಾಗೆ ಸಭ್ಯವಾಗಿರುತ್ತಿತ್ತು. ಊರಿನ ಇಬ್ಬರು ಎಲೆಕ್ಟ್ರಿಷಿಯನ್ನರು ಯಂತ್ರ ಆರಿಸಿ, ಪ್ಲಗ್ಗಿಗೆ ಮೀಟರ್ ಹಿಡಿದು, ಇನ್ನೂರ ಇಪ್ಪತ್ತೈದು ವೋಲ್ಟು ಇದೆ, ವೈರಿಂಗ್ ಸರಿಯಾಗಿದೆ ಎಂದು ಹೇಳಿ ಹೋದರು. ಇನ್ನು ಅಕ್ಕನನ್ನು ಬೆಳಗಾವಿಯ ಟಿಳಕವಾಡಿಯ ನನ್ನ ಮನೆಗೆ ಕರೆದೊಯ್ಯುವುದೇ ಸರಿ ಎಂದುಕೊಂಡೆ.

"ಅಲ್ಲಿ ಬಂದು ನಾ ಏನ್ ಮಾಡ್ಲೋ?" ಅಕ್ಕ ಐದು ಶಬ್ದಕ್ಕೊಮ್ಮೆ ಉಸಿರೆಳೆದುಕೊಂಡು ಬೈದಳು. "ಗಿರಾಕಿ ಇಲ್ಲ, ಹೊಲಿಗಿ ಇಲ್ಲ. ನಿನ್ನ ಚಿಂತಿ ಕೇಳ್ಕೋತ ಕುಂದರ್ಲೇನು?"

ಕಡೆಯ ಪ್ರಯತ್ನವೆಂದು, ಯಾರೋ ಹೇಳಿದ್ದ ಈ ಚಾಚಾ ಅವರನ್ನು ಸ್ಕೂಟರಿನ ಮೇಲೆ ಕರೆದುಕೊಂಡು ಹೋದೆ. ನಾನು ಯಂತ್ರ ಆರಿಸಲು ಹೋದರೆ ತಡೆದರು.

"ಚಾಲೂ ಇರ್ಲಿ ಬಿಡ್ರಿ ಸರ. ಮಲಗಿದ ಎತ್ತು ಕುಂಟತದೋ ಇಲ್ಲೋ ಯಾರಿಗೆ ಗೊತ್ತು? ನಡಸಿ ನೋಡಬೇಕು."

ಯಂತ್ರ ಓಡುತ್ತಿರುವಾಗ ಪ್ಲಗ್ಗಿನಲ್ಲಿ ನೂರ ಎಪ್ಪತ್ತೇಳು ವೋಲ್ಟು. ಅದೇ ಹೊತ್ತಿಗೆ ಬಾಗಿಲ ಬಳಿಯ ಮೀಟರಿನ ಹತ್ತಿರ ಇನ್ನೂರ ಇಪ್ಪತ್ತೈದು. ನಡುವೆ ನಲವತ್ತೆಂಟು ಮಾಯ. ತಂತಿಯ ಸುತ್ತ ಇಕ್ಕಳದಂಥ ಮೀಟರ್ ಹಾಕಿದಾಗ ಎರಡು ಆಂಪಿಯರ್. ಅಕ್ಕ ಬಟ್ಟೆಗೆ ಗುರುತು ಹಾಕುವ ಚಾಕ್ ತೆಗೆದುಕೊಂಡು ಚಾಚಾ ನೆಲದ ಮೇಲೆ ಕೂತರು.

"ನಲವತ್ತೆಂಟನ್ನ ಎರಡರಲೆ ಭಾಗಸ್ರಿ. ಇಪ್ಪತ್ನಾಕು ಓಮ್. ಇಷ್ಟ ಸಣ್ಣ ಮನ್ಯಾಗ ಒಂದು ಓಮ್ ಇದ್ರೂ ಭಾಳಾತು. ಇನ್ನ ನಲವತ್ತೆಂಟನ್ನ ಎರಡರಲೆ ಗುಣಸ್ರಿ. ತೊಂಬತ್ತಾರು ವ್ಯಾಟ್. ಅಂದ್ರ ನೂರರ ಬಲ್ಬು ಈ ಗ್ವಾಡಿಯೊಳಗ ಎಲ್ಲೋ ಉರಿಯಾಕತ್ತದ. ಬೆಳಕಿಲ್ಲ, ಬರೇ ಬಿಸಿ. ಹುಡಕೂಣು ಬರ್ರಿ."

ಕೈ ಮಗುಚಿಕೊಂಡು ಮನೆಯ ಗೋಡೆಗಳನ್ನೆಲ್ಲ ಸವರುತ್ತ ನಡೆದವರು, ಅಕ್ಕನ ಬಟ್ಟೆಯ ಗೂಡಿನ ಮುಂದೆ ನಿಂತರು. ಗಿರಾಕಿಗಳ ಬ್ಲೌಸ್ ಪೀಸುಗಳನ್ನು ಹೊರಗೆಳೆದರು. ಹಿಂದೆ ಹಳೆಯ ಜಂಕ್ಷನ್ ಬಾಕ್ಸು. ಮುಚ್ಚಳ ಕರಗಿ, ಒಳಗಿನ ಜೋಡಣೆ ಇದ್ದಿಲಾಗಿತ್ತು. ಅದಕ್ಕೆ ತಾಗಿದ್ದ ಬಟ್ಟೆಯ ಮೇಲೆ ಅಂಗೈಯಗಲ ಕಂದು ಕಲೆ. ನಾಲ್ಕು ಅಡಿ ದೂರದಲ್ಲಿ ಅಕ್ಕನ ಮಂಚ, ಆಕ್ಸಿಜನ್ ನಳಿಗೆ. ನಾನು ಆ ವರ್ಷ ಭೂಕಂಪದ ಬಗ್ಗೆಯೂ ಚಿಂತಿಸಿದ್ದೆ, ಈ ಗೂಡಿನ ಬಗ್ಗೆ ಅಲ್ಲ. ಚಾಚಾ ಆ ಬಟ್ಟೆಯನ್ನು ಅಕ್ಕನಿಗೆ ಕಾಣದಂತೆ ಮಡಚಿ ನನ್ನ ಕೈಗಿಟ್ಟರು. ಸಂಜೆಯೊಳಗೆ ಹೊಸ ತಂತಿ ಎಳೆದರು. ಯಂತ್ರ ಚೀರುವುದನ್ನು ಬಿಟ್ಟು ಒಂದೇ ಸಮ ಓಡತೊಡಗಿತು. ಅಕ್ಕ ತನ್ನ ಮನೆಯಲ್ಲಿ ಉಳಿದಳು.

ಆಮೇಲಿನ ಮೂರು ಮಳೆಗಾಲ ನಾನು ಅವರನ್ನು ಗೋಳುಹೊಯ್ದುಕೊಂಡೆ. ಬಲ್ಬು ಮಿಣುಕಿದರೆ ಫೋನು, ಮಿಣುಕದಿದ್ದರೂ ಫೋನು.

"ನಿಮ್ಮ ಅಂಜಿಕಿ ಅಳೆಯೋ ಮೀಟರ್ ಇದ್ದಿದ್ರ, ಅದರ ಮುಳ್ಳ ಮುರೀತಿತ್ರಿ ಸರ," ಎಂದು ನಗುತ್ತಿದ್ದರು. "ಮೊದಲ ಅಳೀರಿ, ಆಮ್ಯಾಲ ಅಂಜ್ರಿ."

ಈ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅಕ್ಕನ ಮನೆಯಿಂದಲೇ ಫೋನು ಮಾಡಿದೆ. ಅತ್ತ ಎತ್ತಿದ್ದೇ ತಡ, "ಚಾಚಾ, ಮೀಟರ್ ನೂರ ತೊಂಬತ್ತು ತೋರಸಾಕತ್ತೈತಿ, ಏನ್ ಮಾಡ್ಲಿ?" ಎಂದು ಒದರಿದೆ.

ಉತ್ತರ ಕೊಟ್ಟದ್ದು ಅವರ ಮಗಳು: "ನಮ್ಮ ಅಬ್ಬಾ ಹೋಗಿ ನಾಕ ದಿನ ಆತ್ರಿ. ಎದಿ ನೋವು ಅಂದ್ರು, ದವಾಖಾನಿ ಮುಟ್ಟಲಿಲ್ಲ." ಆಕೆಯೇ ಕೇಳಿದಳು: "ಅಕ್ಕಾರ ಮಷಿನ್ ನಡದದಲ್ರಿ?"

ತಾನೂ ಪೀರನವಾಡಿಗೆ ಬರುತ್ತೇನೆಂದು ಅಕ್ಕ ಹಟ ಹಿಡಿದಳು. ಮಳೆ, ರಸ್ತೆ, ಸಿಲಿಂಡರ್ ಎಷ್ಟು ಹೊತ್ತು ಬಂದೀತು ಎಂದೆಲ್ಲ ನಾನು ಪಟ್ಟಿ ಒಪ್ಪಿಸುವಷ್ಟರಲ್ಲಿ ಆಕೆ ಸಣ್ಣ ಸಿಲಿಂಡರ್ ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಕೂತಾಗಿತ್ತು.

ಚಾಚಾ ಅವರ ಹೆಂಡತಿ, ಚಾಚಿ, ಗಂಡನ ಶೋಕದ ಆ ದಿನಗಳಲ್ಲಿ ಪರಗಂಡಸರೆದುರು ಬರುವಂತಿರಲಿಲ್ಲ. ಅಕ್ಕ ಒಳಗೆ ಹೋದಳು, ನಾನು ಹೊರಗಿನ ಕಟ್ಟೆಯ ಮೇಲೆ ಕೂತೆ. ಪರದೆಯ ಆಚೆಯಿಂದ ಚಾಚಿಯ ದನಿ ಕೇಳುತ್ತಿತ್ತು.

"ಮಳಿ ಹತ್ತಿದ್ರ ಸಾಕ್ರಿ, ಫೋನ್ ಮುಂದಿಟ್ಕೊಂಡು ಕುಂದರವ್ರು. ರೊಟ್ಟಿ ಮುರದು ಹಂಗ ಬಿಡವ್ರು. ಖಾನಾಪುರದಾಗ ಆ ಅಕ್ಕಾರ ಮಷಿನ್ ನಿಂತಿದ್ರ ಹೆಂಗ ಅಂತ ನೂರು ಸಲ ಅನ್ನವ್ರು. ನಿಮ್ಮ ತಮ್ಮಾರ ಫೋನ್ ಬಂತಂದ್ರ ಮಾತ್ರ ನಗಕೋತ ಮಾತಾಡವ್ರು. ಎದಿ ಹಿಡಕೊಂತದ ಅಂತ ಹೋದ ವರ್ಷದಿಂದ ಹೇಳತಿದ್ರು. ಯಾರಿಗೂ ಹೇಳಬ್ಯಾಡ ಅಂದಿದ್ರು."

ಅಕ್ಕ ಏನೋ ಹೇಳಲು ಹೋದಳು. ಉಸಿರು ಸಾಲಲಿಲ್ಲ. ಸಿಲಿಂಡರಿನ ಸುಯ್ಯೆನ್ನುವ ಸದ್ದು ಮಾತ್ರ ಹೊರಗೆ ಬಂತು.

ಮೂರು ವರ್ಷದಲ್ಲಿ ನಾನು ಅವರಿಗೆ ಅದೆಷ್ಟು ಸಲ ಫೋನು ಮಾಡಿದ್ದೇನೋ. ಲೋಕದ ಸಕಲ ವಸ್ತುಗಳಿಗೂ ಅಂಜಿದವನು, "ನೀವು ಆರಾಮ ಅದೀರೇನ್ರಿ ಚಾಚಾ?" ಎಂದು ಒಂದು ಸಲವೂ ಕೇಳಿರಲಿಲ್ಲ.