ತಂಗಿಯ ಮುಷ್ಟಿ

ಬ್ರಹ್ಮಾವರದಲ್ಲಿ, ತಂಗಿಯ ಗಂಡನ ಮನೆಯಲ್ಲಿ, ಬಯಕೆಯ ಶಾಸ್ತ್ರ. ಬಸುರಿ ತಂಗಿಯ ಎದುರು ಬಳೆಗಾರ್ತಿ ಹಸಿರು ಬಳೆ ಹರಡಿಕೊಂಡು ಕೂತಿದ್ದಳು. ಮೊದಲ ಬಳೆ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ನೋವಿಗೆ ತಂಗಿ ಬಳೆಗಾರ್ತಿಯ ಬೆರಳನ್ನೇ ಬಿಗಿಯಾಗಿ ಹಿಡಿದುಕೊಂಡಳು.

‘ಕೈ ಸಡ್ಲ ಬಿಡಿ ಅಮ್ಮ,’ ಎಂದಳು ಬಳೆಗಾರ್ತಿ.

‘ಬಿಡೂಕ್ ಕಾಣ್ತಿದ್ದೆ, ಆತಿಲ್ಲೆ ಮಾರಾಯ್ತಿ!’

ಹೆಂಗಸರು ಗೊಳ್ಳೆಂದು ನಕ್ಕರು. ‘ಹೀಂಗೆ ಹಿಡ್ಕಂಡ್ರೆ ಗಂಡನ್ ಗತಿ ಎಂತ!’ ಎಂದು ಯಾರೋ ಕಿಚಾಯಿಸಿದರು. ತಂಗಿಯೂ ನಕ್ಕಳು. ಬೆರಳುಗಳು ಒಂದೊಂದಾಗಿ, ನಿಧಾನವಾಗಿ ಬಿಚ್ಚಿದವು. ಇನ್ನೊಂದು ಕೈಯದೂ ಅದೇ ಕತೆ. ನಾನು ಹಯಗ್ರೀವ ತಿನ್ನುತ್ತಿದ್ದೆ, ತಟ್ಟೆ ಕೆಳಗಿಟ್ಟೆ. ಆ ಮನೆಯಲ್ಲಿ ಹೆದರಿದವಳು ನಾನೊಬ್ಬಳೇ.

ನಾನು ಪ್ರೋಟೀನುಗಳು ಆರ್‌ಎನ್‌ಎಯನ್ನು ಹೇಗೆ ಗುರುತಿಸುತ್ತವೆ ಎಂದು ಹುಡುಕುವವಳು. ಆರ್‌ಎನ್‌ಎ ಅಂದರೆ ಅಕ್ಷರಗಳ ಉದ್ದನೆಯ ಸರ. ನನ್ನ ಪ್ರೋಟೀನು ಅದರಲ್ಲಿ ತನಗೆ ಬೇಕಾದ ಅಕ್ಷರಗಳನ್ನು ಹುಡುಕಿ ಕೂರುತ್ತದೆ, ಕೆಲಸ ಮುಗಿಸಿ ಏಳುತ್ತದೆ. ಒಂದು ಕಾಯಿಲೆಯಲ್ಲಿ ಮೂರೇ ಅಕ್ಷರ ಮತ್ತೆ ಮತ್ತೆ, ಮುಗಿಯದ ಹಾಗೆ ಬಂದುಬಿಡುತ್ತವೆ. ಪ್ರೋಟೀನುಗಳೆಲ್ಲ ಹಲಸಿನ ಮೇಣಕ್ಕೆ ನೊಣ ಅಂಟಿದ ಹಾಗೆ ಅಲ್ಲೇ ಅಂಟಿಕೊಳ್ಳುತ್ತವೆ, ಬೇರೆ ಕೆಲಸ ಕೆಡುತ್ತದೆ. ಸ್ನಾಯು ಬಿಗಿದರೆ ಬೇಗ ಸಡಿಲವಾಗುವುದಿಲ್ಲ. ಹಾಳಾದ ಆ ಸರ ತಲೆಮಾರಿನಿಂದ ತಲೆಮಾರಿಗೆ ಉದ್ದವಾಗುತ್ತದೆ, ತಾಯಿಯಿಂದ ಬಂದರೆ ಶಿಶು ಹುಟ್ಟುವಾಗಲೇ ಉಸಿರೆಳೆಯಲು ಒದ್ದಾಡುವುದುಂಟು. ಇದನ್ನೆಲ್ಲ ವಿದ್ಯಾರ್ಥಿಗಳಿಗೆ ಎಷ್ಟು ಉತ್ಸಾಹದಿಂದ ಹೇಳುತ್ತಿದ್ದೆನೋ! ಅಮ್ಮನಿಗೆ ತೀರಾ ಬೇಗ ಕಣ್ಣಿಗೆ ಪೊರೆ ಬಂದದ್ದೂ ಈಗ ನೆನಪಾಯಿತು. ಅದೂ ಇದರ ಗುರುತೇ.

ಬಚ್ಚಲಿಗೆ ಹೋಗಿ ನನ್ನ ಮುಷ್ಟಿ ಬಿಗಿದು ಬಿಟ್ಟೆ. ತೆರೆಯಿತು. ನನ್ನಲ್ಲಿ ಇಲ್ಲವೆನ್ನಲು ಅಷ್ಟು ಸಾಲದು, ಆದರೆ ನನ್ನ ಚಿಂತೆಗೆ ಆಗ ಪುರುಸೊತ್ತಿರಲಿಲ್ಲ. ಹೆರಿಗೆಗೆಂದು ತಂಗಿ ನಮ್ಮ ಜೊತೆ ತವರಿಗೆ, ಯಡ್ತರೆಗೆ, ಬರುವವಳಿದ್ದಳು. ಹೆರಿಗೆ ಬೈಂದೂರಿನ ಸಣ್ಣ ಆಸ್ಪತ್ರೆಯಲ್ಲೆಂದು ನಿಶ್ಚಯವಾಗಿತ್ತು. ಅಲ್ಲಿ ಉಸಿರಾಡದ ಶಿಶುವಿಗೆ ಯಂತ್ರವಿಲ್ಲ. ಅರಿವಳಿಕೆ ಕೊಡುವವರಿಗೆ ಮೊದಲೇ ಗೊತ್ತಿರದಿದ್ದರೆ ತಂಗಿಗೂ ಅಪಾಯ.

ಮರುದಿನ ಬೆಳಿಗ್ಗೆ ಯಡ್ತರೆಯ ಮನೆಯಲ್ಲಿ ಬಾಯಿಬಿಟ್ಟೆ. ಅಮ್ಮ ಕೆಂಡಾಮಂಡಲವಾದಳು.

‘ಬಸ್ರಿ ಹೆಣ್ಣಿನ್ ಎದ್ರ್ ಎಂತ ಮಾತದ್? ನಿನ್ ಓದಿಗ್ ಬೆಂಕಿ ಬೀಳ!’

‘ಬೀಳ್ಲಿ ಅಮ್ಮಾ. ದೊಡ್ಡ ಆಸ್ಪತ್ರಿಗ್ ಹೋಯಿ ಹೆರ್ಲಿ, ಅಷ್ಟೇ ನಾನ್ ಕೇಂಬುದ್,’ ಎಂದು ನಾನೂ ಜೋರು ಮಾಡಿದೆ.

ತಂಗಿ ಅಳಲಿಲ್ಲ. ಚಳಿಗಾಲದಲ್ಲಿ ಬಾವಿಹಗ್ಗ ಕೈಯಿಂದ ಬಿಡುತ್ತಿರಲಿಲ್ಲ, ತಂಡಿಗೆ ಹಾಗಾಗುತ್ತದೆ ಎಂದುಕೊಂಡಿದ್ದೆ ಎಂದಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು, ‘ಇದ್ಕೂ ಬತ್ತಾ?’ ಎಂದು ಕೇಳಿದಳು.

‘ಬಂದ್ರೂ ಬಂತ್, ಇಲ್ದಿದ್ರೂ ಇಲ್ಲೆ,’ ಎಂದೆ. ಇಷ್ಟು ವರ್ಷದ ವಿದ್ಯೆಯಲ್ಲಿ ಅವಳಿಗೆ ಕೊಡಲು ನನ್ನ ಹತ್ತಿರ ಇದ್ದದ್ದು ಅಷ್ಟೇ.

ರಕ್ತಪರೀಕ್ಷೆ ಹೌದೆಂದೇ ಹೇಳಿತು. ತಂಗಿಯ ಗಂಡ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಹೆರಿಗೆಯ ದಿನ ಕೋಣೆಯ ಹೊರಗೆ ಕೂತ ನನಗೆ ಅಳು ಕೇಳಿದರೆ ಸಾಕಾಗಿತ್ತು. ಕೇಳಿತು, ಕಿವಿ ಕಿತ್ತುಹೋಗುವ ಹಾಗೆ. ಗೋಡೆ ಹಿಡಿದು ಅತ್ತುಬಿಟ್ಟೆ.

ಸಂಜೆ ಒಳಗೆ ಬಿಟ್ಟಾಗ ಶಿಶುವಿನ ಅಂಗೈಗೆ ಬೆರಳು ಕೊಟ್ಟೆ. ಗಬಕ್ಕನೆ ಹಿಡಿದುಕೊಂಡ.

‘ಕಾಣಿ ಕಾಣಿ, ಎಷ್ಟ್ ಗಟ್ಟಿ ಹಿಡ್ಕಂಡ ಮಾಣಿ!’ ಎಂದು ಅಮ್ಮ ಹಿಗ್ಗಿದಳು. ತಂಗಿಯ ಗಂಡನೂ ನಕ್ಕ. ಎಲ್ಲ ಶಿಶುಗಳೂ ಹಾಗೇ ಹಿಡಿಯುತ್ತವೆ. ಈ ಕಾಯಿಲೆ ಇಷ್ಟು ಎಳೆಯ ಕೈಯಲ್ಲಿ ಬಿಗಿತವಾಗಿ ಕಾಣುವುದಿಲ್ಲ, ಇದು ನನಗೆ ಚೆನ್ನಾಗಿ ಗೊತ್ತು. ಆದರೂ ಬೆರಳು ಎಳೆದುಕೊಳ್ಳದೆ ನಿಂತಿದ್ದೆ. ಮಂಚದ ಮೇಲಿದ್ದ ತಂಗಿ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

‘ಬಿಟ್ನಾ ಅಕ್ಕಾ?’ ಎಂದಳು.

ಅವನಿನ್ನೂ ಬಿಟ್ಟಿರಲಿಲ್ಲ.